ಮೀನಿನ ಫೀಡ್ ಚೀಲದ ಮೇಲೆ ಪೂರ್ತಿ ವಿಷಯ ಬರೀಲಿ

ಸಂಪಾದಕರೇ,

ಮೀನಿನ ಫೀಡ್ ರೇಟ್ ಬಗ್ಗೆ ಎಲ್ರೂ ಮಾತಾಡ್ತಾರೆ, ಒಳಗೇನಿದೆ ಅಂತ ಕೇಳೋರು ಕಮ್ಮಿ. ಕಾಟ್ಲಾ, ರೋಹು ಸಾಕೋರು ಮೊದ್ಲಿಂದ್ಲೂ ಕಡ್ಲೆಕಾಯಿ ಹಿಂಡಿ, ಅಕ್ಕಿ ತೌಡು ಕಲಸಿ ತೂತು ಮಾಡಿದ ಚೀಲಕ್ಕೆ ತುಂಬಿ ಹೊಂಡದಲ್ಲಿ ಗಳಕ್ಕೆ ಕಟ್ತಾರೆ, ಹಾಗಾಗಿ ಸಸ್ಯದ ಫೀಡ್ ನಮಗೇನ್ ಹೊಸದಲ್ಲ. ಬೂತಾಯಿ ಮೀನು ಬೇಯಿಸಿ ಒಣಗಿಸಿ ಮಾಡೋ ಫಿಶ್‌ಮೀಲ್ ದುಬಾರಿ, ಅದಕ್ಕೆ ಕಂಪನಿ ಪೆಲೆಟ್‌ಗೂ (ಗುಳಿಗೆ ಥರದ ಫೀಡ್) ಸೋಯಾ ಹಿಂಡಿ ಬೀಳುತ್ತೆ. ತಪ್ಪೇನಿಲ್ಲ, ಬೂತಾಯಿ ನಾವು ತಿಂದ್ರೇನೇ ಚೆಂದ!

ಆದ್ರೆ ಕಾಳು, ತೌಡಲ್ಲಿರೋ ರಂಜಕ (ಫಾಸ್ಫರಸ್) ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕ್ಕೊಂಡಿರುತ್ತೆ, ಮೀನಿಗೆ ಅದನ್ನ ಬಿಡಿಸ್ಕೊಳ್ಳೋಕೆ ಆಗಲ್ಲ, ಹಿಕ್ಕೆ ಜೊತೆ ನೀರಿಗೇ ಹೋಗುತ್ತೆ, ಪಾಚಿ ಕಟ್ಟುತ್ತೆ. ಹೋದ ಬೇಸಿಗೇಲಿ ನಮ್ ಹೊಂಡ ಹಸಿರು ಪೇಂಟ್ ಥರ ಆಗಿ ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಸಾಲದೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಫೀಡ್ ಒಂದೇ ಕಾರಣ ಅನ್ನಲ್ಲ, ಸಗಣಿ ಗೊಬ್ಬರಾನೂ ಜಾಸ್ತಿ ಹಾಕಿದ್ದೆ.

ಈ ಬೀಗ ತೆಗೆಯೋಕೆ ಫೈಟೇಸ್ ಅನ್ನೋ ಎಂಜೈಮ್ ಇದೆ, ಕೋಳಿ ಫೀಡಲ್ಲಿ ಎಷ್ಟೋ ವರ್ಷದಿಂದ ಹಾಕ್ತಿದಾರೆ. ಮಾಮೂಲಿ ಎಂಜೈಮ್ ಪೆಲೆಟ್ ಮಾಡೋವಾಗಿನ ಬಿಸಿಗೆ ಹಾಳಾಗುತ್ತೆ, ಅದಕ್ಕೆ ಪೆಲೆಟ್ ತಣ್ಣಗಾದ್ಮೇಲೆ ಸ್ಪ್ರೇ ಮಾಡ್ಬೇಕು. ನಾನು ತಂದ ಚೀಲದ ಮೇಲೆ ಪ್ರೋಟೀನ್ ಶೇ. 28, ಕೊಬ್ಬು ಶೇ. 4 ಅಂತ ಮಾತ್ರ ಇತ್ತು, ಎಂಜೈಮ್ ಇದ್ಯಾ ರಂಜಕ ಎಷ್ಟು ಅಂತ ಒಂದಕ್ಷರ ಇಲ್ಲ, ಅಂಗಡಿಯವ್ರನ್ನ ಕೇಳಿದ್ರೆ "ಒಳ್ಳೆ ಮಾಲು ಸಾರ್, ತಗೊಂಡೋಗಿ" ಅಂತಾರೆ. ಮೀನುಗಾರಿಕೆ ಇಲಾಖೆಯವ್ರು ಇದನ್ನೆಲ್ಲ ಚೀಲದ ಮೇಲೆ ಕನ್ನಡದಲ್ಲೇ ಪ್ರಿಂಟ್ ಮಾಡ್ಸೋ ಹಾಗೆ ಮಾಡ್ಲಿ.

– ಒಬ್ಬ ಮೀನು ಸಾಕಣೆದಾರ, ಮಂಡ್ಯ ಜಿಲ್ಲೆ