ಮುರುಗಲ ಪಾನಕ ನಮ್ಮೂರಲ್ಲೂ ಸಿಗುವಂತಾಗಲಿ

ಮಾನ್ಯ ಸಂಪಾದಕರೇ,

ಬಿಸಿಲು ಏರುತ್ತಿದೆ. ಶಿವಮೊಗ್ಗದ ಬಸ್ ನಿಲ್ದಾಣದಿಂದ ಹಿಡಿದು ಸಾಗರ, ಹೊಸನಗರ, ತೀರ್ಥಹಳ್ಳಿಯ ಪೇಟೆಗಳವರೆಗೆ ಎಲ್ಲಿ ಬಾಯಾರಿ ನಿಂತರೂ ಬಣ್ಣಬಣ್ಣದ ಬಾಟಲಿ ಪಾನೀಯಗಳು ಕೈಗೆ ಸಿಗುತ್ತವೆ. ಆದರೆ ಇದೇ ಮಣ್ಣಿನಲ್ಲಿ ಬೆಳೆದು, ಇಲ್ಲಿನ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ದಾಹ ತಣಿಸುತ್ತ ಬಂದ ಮುರುಗಲ ಹಣ್ಣಿನ ಪಾನಕ ಮಾತ್ರ ದುಡ್ಡು ಕೊಡುತ್ತೇವೆಂದರೂ ಸಿಗುವುದು ಅಪರೂಪ. ದಕ್ಷಿಣ ಕನ್ನಡದವರು ಪುನರ್ಪುಳಿ ಎಂದೂ ಕೊಂಕಣದವರು ಕೋಕಂ ಎಂದೂ ಕರೆಯುವುದು ಇದೇ ಹಣ್ಣನ್ನು. ಅಲ್ಲಿ ಸಾಮಾನ್ಯ ಹೋಟೆಲುಗಳಲ್ಲೂ ಇದರ ಶರಬತ್ತು ದೊರೆಯುತ್ತದೆ. ಮಲೆನಾಡಿನ ಹೆಬ್ಬಾಗಿಲು ಎನಿಸಿಕೊಂಡ ನಮ್ಮ ಊರಿನಲ್ಲಿ ಏಕೆ ದೊರೆಯಬಾರದು ಎಂದು ಕೇಳುವುದಕ್ಕಾಗಿ ಈ ಪತ್ರ.

ನಾನು ಬೆಳೆದದ್ದು ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ. ಏಪ್ರಿಲ್ ಕಳೆಯುವ ಹೊತ್ತಿಗೆ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಮುರುಗಲ ಹಣ್ಣು ಕೆಂಪೇರಿ, ಮೇ ತಿಂಗಳಲ್ಲಿ ಕಡುನೇರಳೆಗೆ ತಿರುಗುತ್ತಿತ್ತು. ರಜೆಗೆ ಬಂದ ಅತ್ತೆ, ಚಿಕ್ಕಮ್ಮಂದಿರ ಮಕ್ಕಳೊಂದಿಗೆ ಬುಟ್ಟಿ ಹಿಡಿದು ಹೊರಟರೆ ಜೋತುಬಿದ್ದ ಕೆಳಗಿನ ಕೊಂಬೆಗಳ ಹಣ್ಣು ನಮ್ಮ ಕೈಗೇ ಎಟಕುತ್ತಿತ್ತು. ಮೇಲಿನದಕ್ಕೆ ದೊಡ್ಡವರು ದೋಟಿ ತರಬೇಕಿತ್ತು. ಅಜ್ಜಿ ಜಗಲಿಯಲ್ಲಿ ಕುಳಿತು ಒಂದೊಂದೇ ಹಣ್ಣನ್ನು ಹೋಳು ಮಾಡಿ, ಲೋಳೆಯ ಸಮೇತ ಬೀಜವನ್ನು ಬೇರೆ ತೆಗೆದು, ಸಿಪ್ಪೆಯ ಪುಟ್ಟ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಪಿಂಗಾಣಿ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ ಇಡುತ್ತಿದ್ದರು. ದಿನದಿಂದ ದಿನಕ್ಕೆ ಸಕ್ಕರೆ ಕರಗಿ, ಸಿಪ್ಪೆ ಸುಕ್ಕುಗಟ್ಟಿ, ಕಡುಗೆಂಪು ರಸ ಭರಣಿಯ ಅರ್ಧದವರೆಗೆ ಏರುತ್ತಿತ್ತು. ಹುಳಿ ಪಾತ್ರೆಯನ್ನು ತಿನ್ನುತ್ತದೆ ಎಂದು ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳನ್ನು ಅದರ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಸೋಸಿದ ರಸದ ಜಾಗ ಅಡುಗೆಮನೆಯ ಕತ್ತಲ ಮೂಲೆ. ಮುರುಗಲ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯ ಬೆಳಕಿಗೂ ಶಾಖಕ್ಕೂ ಕಂದುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ. ಅಜ್ಜಿಗೆ ಅದು ಕೈಯ ರೂಢಿಯಾಗಿಯೇ ಗೊತ್ತಿತ್ತು.

ಪಾನಕಕ್ಕೆ ಬಾರದ ಹಣ್ಣಿನ ಸಿಪ್ಪೆಗೆ ಉಪ್ಪು ಬೆರೆಸಿ, ಅಡಿಕೆ ಒಣಗಿಸಿ ಖಾಲಿಯಾದ ಅಟ್ಟದ ಮೇಲೆ ಹರವುತ್ತಿದ್ದರು. ಅದು ಮಳೆಗಾಲದ ಸಾರಿಗೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಮುರುಗಲ ತುಪ್ಪ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಮದ್ದಾಗುತ್ತಿತ್ತು.

ಬಸ್ಸಿಳಿದು ಉರಿಬಿಸಿಲಿನಲ್ಲಿ ನಡೆದು ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಟ್ಟ ಬೆನ್ನಿಗೇ ಅಜ್ಜಿ ಲೋಟ ಹಿಡಿದು ಬರುತ್ತಿದ್ದರು. ಭರಣಿಯ ರಸಕ್ಕೆ ಬಾವಿಯ ತಣ್ಣೀರು, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಬೇರೇನೂ ಇಲ್ಲ. “ಮೊದಲು ಆಸರಿಗೆ ಕುಡೀರಿ, ಆಮೇಲೆ ಮಾತು” ಎನ್ನುವುದು ಅವರ ಕ್ರಮ. ಬಂದವರು ಅಡಿಕೆ ವ್ಯಾಪಾರಿಯಾಗಲಿ, ಅಡಿಕೆ ಗೊನೆ ಕೊಯ್ಯುವವರಾಗಲಿ, ದಾರಿ ತಪ್ಪಿ ಬಂದ ಅಪರಿಚಿತರಾಗಲಿ, ಲೋಟ ಮಾತ್ರ ತಪ್ಪುತ್ತಿರಲಿಲ್ಲ.

ಆ ಮನೆಯಲ್ಲಿ ಈಗ ನಮ್ಮವರು ಯಾರೂ ಇಲ್ಲ. ಆಸ್ತಿ ಪಾಲಾಯಿತು, ನಾವೆಲ್ಲ ಪೇಟೆ ಸೇರಿದೆವು. ಆದರೂ ಎಲ್ಲಿಯಾದರೂ ಒಂದು ಗುಟುಕು ಒಳ್ಳೆಯ ಮುರುಗಲ ಪಾನಕ ನಾಲಿಗೆಗೆ ತಾಗಿದರೆ ಸಾಕು, ಜಗಲಿಯ ಕೆಮ್ಮಣ್ಣಿನ ನೆಲದ ತಂಪು, ಅಜ್ಜಿಯ ಬೆರಳ ತುದಿಗೆ ಹತ್ತಿ ವಾರವಾದರೂ ಹೋಗದ ನೇರಳೆ ಕಲೆ, ಮೋಡ ಕವಿದಾಗ ಅಟ್ಟದ ಮೇಲಿನ ಸಿಪ್ಪೆಯನ್ನು ಒಳತರಲು ಮನೆಮಂದಿಯೆಲ್ಲ ಓಡಿದ ಗಡಿಬಿಡಿ, ಎಲ್ಲವೂ ಒಟ್ಟಿಗೆ ಬರುತ್ತವೆ. ಹಳೆಯ ಫೋಟೋಗಳನ್ನು ಎಷ್ಟು ಹೊತ್ತು ನೋಡಿದರೂ ನನಗೆ ಹೀಗಾಗುವುದಿಲ್ಲ. ಇದು ನನ್ನೊಬ್ಬನ ಅನುಭವವೂ ಅಲ್ಲ. ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿನಲ್ಲಿ ನಮ್ಮ ಕಡೆಯ ತಾಯಂದಿರು ಮಕ್ಕಳ ಕೈಗೆ ಕೊಟ್ಟು ಕಳಿಸುವ ಚೀಲಗಳನ್ನು ನೋಡಿದವರಿಗೆ ಗೊತ್ತಿರುತ್ತದೆ: ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಹಳೆ ಪಂಚೆಯಲ್ಲಿ ಕಟ್ಟಿ, ಅವಲಕ್ಕಿ ಹಪ್ಪಳಗಳ ನಡುವೆ ಜೋಪಾನವಾಗಿ ನಿಲ್ಲಿಸಿದ ಒಂದು ಬಾಟಲಿ ಅಲ್ಲಿ ಇದ್ದೇ ಇರುತ್ತದೆ.

ಇಷ್ಟು ಬೇಡಿಕೆಯಿರುವ ಹಣ್ಣು ಬಹುಪಾಲು ಬೆಟ್ಟದಲ್ಲೇ ಉದುರಿ ಕೊಳೆಯುತ್ತಿದೆ. ಹಣ್ಣಾಗುವ ಕಾಲಕ್ಕೆ ಸರಿಯಾಗಿ ಮಳೆ ಹಿಡಿಯುತ್ತದೆ, ಕೊಯ್ಯಲು ಜನ ಸಿಗುವುದಿಲ್ಲ, ಕೊಯ್ದರೂ ಒಣಗಿಸಲು ಬಿಸಿಲಿರುವುದಿಲ್ಲ. ಮರಗಳೂ ಕಡಿಮೆಯಾಗುತ್ತಿವೆ. ಕಾನು, ಅಂದರೆ ದಟ್ಟ ಹಸಿರು ಕಾಡು, ಇದ್ದ ಎಷ್ಟೋ ಕಡೆ ಅಕೇಶಿಯಾ ನೆಡುತೋಪು ಬಂದಿದೆ, ಅಡಿಕೆಯ ಬೆಲೆ ಏರಿದಂತೆಲ್ಲ ತೋಟ ಬೆಟ್ಟದ ಕಡೆಗೆ ಚಾಚಿಕೊಂಡಿದೆ. ತೋಟಕ್ಕೆ ಸೊಪ್ಪು ಒದಗಿಸಲೆಂದು ಹಿರಿಯರು ಕಾಪಾಡಿಕೊಂಡು ಬಂದ ಬೆಟ್ಟವನ್ನು ಬೋಳು ಮಾಡುವುದರಲ್ಲಿ ಬೆಳೆಗಾರರ ಪಾಲೂ ಇದೆ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ಬೆರಳೆಣಿಕೆಯ ಹಣ್ಣಿಗಾಗಿ ಕೊಂಬೆಯನ್ನೇ ಕಡಿದು ಇಳಿಸುವ ಕೆಟ್ಟ ರೂಢಿಯನ್ನಂತೂ ಕೂಡಲೇ ನಿಲ್ಲಿಸಬೇಕು.

ಹೊಸದಾಗಿ ನೆಡುವವರಿಗೆ ಇನ್ನೊಂದು ತೊಡಕಿದೆ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುತ್ತವೆ, ಅದು ತಿಳಿಯುವುದು ಏಳೆಂಟು ವರ್ಷ ಸಾಕಿ ಹೂ ಬಿಟ್ಟ ಮೇಲೆ. ಫಲ ಕೊಡುವ ಮರದ ಕುಡಿಯನ್ನು ಕಸಿ ಮಾಡಿದ ಗಿಡವಾದರೆ ಈ ಅನುಮಾನವಿಲ್ಲ, ಫಲವೂ ಬೇಗ. ಆದ್ದರಿಂದ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳ ಸಸ್ಯಪಾಲನಾ ಕ್ಷೇತ್ರಗಳೂ ನಮ್ಮ ಜಿಲ್ಲೆಯದೇ ಒಳ್ಳೆಯ ಮರಗಳನ್ನು ಗುರುತಿಸಿ, ಕಸಿ ಗಿಡಗಳನ್ನು ಮಳೆಗಾಲದ ಆರಂಭದಲ್ಲೇ ರೈತರಿಗೆ ಸಾಕಷ್ಟು ಸಂಖ್ಯೆಯಲ್ಲಿ ಒದಗಿಸಬೇಕೆಂದು ವಿನಂತಿಸುತ್ತೇನೆ. ಪರಾಗಕ್ಕೆ ಗಂಡು ಮರವೂ ಬೇಕಾದ್ದರಿಂದ ಬೆಟ್ಟದಲ್ಲಿರುವ ಗಂಡು ಮರಗಳನ್ನು ಫಲವಿಲ್ಲವೆಂದು ಕಡಿಯಬಾರದು. ಮಹಾರಾಷ್ಟ್ರದ ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಆ ಪ್ರದೇಶದ್ದೇ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮನ್ನಣೆ ಇದೆ. ಉಪ್ಪಿನಕಾಯಿಗೆ ಹೆಸರಾದ ನಮ್ಮ ಅಪ್ಪೆಮಿಡಿ ಮಾವಿಗೂ ಅದು ದೊರೆತಿದೆ. ಅಪ್ಪೆಮಿಡಿಯ ಬಗ್ಗೆ ನಾವು ತೋರಿದ ಮುತುವರ್ಜಿ ಮುರುಗಲಿಗೂ ಸಲ್ಲಬೇಕು.

ಮಾರಾಟಕ್ಕೆ ಹೊಸ ವ್ಯವಸ್ಥೆಯೇ ಬೇಕೆಂದಿಲ್ಲ. ಸ್ಥಳೀಯ ಉತ್ಪನ್ನಗಳಿಗಾಗಿ ರೈಲ್ವೆಯು 2022ರಲ್ಲಿ ಆರಂಭಿಸಿದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯಡಿ ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ನಿಲ್ದಾಣಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಈ ಪಾನಕವನ್ನು ಮಾರುವಂತಾದರೆ ಜೋಗಕ್ಕೆ ಬರುವ ಪ್ರವಾಸಿಗರಿಗೂ ಮಲೆನಾಡಿನ ರುಚಿ ಸಿಕ್ಕೀತು, ಹಣ್ಣು ಕೊಯ್ಯುವ ಕುಟುಂಬಗಳಿಗೂ ನಾಲ್ಕು ಕಾಸು ಉಳಿದೀತು. ಕೃತಕ ಬಣ್ಣ, ಎಸೆನ್ಸ್ ಸೇರಿಸದೆ ಮಾಡಬೇಕೆಂಬುದೊಂದೇ ನನ್ನ ಹಟ. ಬಣ್ಣಕ್ಕೂ ಹುಳಿಗೂ ಆ ಸಿಪ್ಪೆಯಲ್ಲಿ ಏನೂ ಕೊರತೆಯಿಲ್ಲ.

ರಸ ಇಳಿಸುವ, ಸಿಪ್ಪೆ ಒಣಗಿಸುವ ಕ್ರಮ ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಬೇರೆಯಾಗಿದೆ. ಅದನ್ನು ಬಲ್ಲ ಹಿರಿಯ ಓದುಗರು ತಮ್ಮ ಮನೆಯ ವಿಧಾನವನ್ನು ಬರೆದು ಕಳಿಸಿದರೆ, ದಯವಿಟ್ಟು ಮೇ ತಿಂಗಳ ಹಣ್ಣಿನ ಕಾಲಕ್ಕೆ ಮುಂಚಿತವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ವಿನೋಬನಗರ, ಶಿವಮೊಗ್ಗ