ಮರುಭೂಮಿಯ ಬಿಸಿನೀರಿನ ಬುಗ್ಗೆಗೆ ಇಳಿಯುವ ಮುನ್ನ

ಮಾನ್ಯ ಸಂಪಾದಕರೆ,

ಮರುಭೂಮಿಗಳಲ್ಲಿರುವ ಬಿಸಿನೀರಿನ ಬುಗ್ಗೆಗಳನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಬಹಳ ಚೆನ್ನಾಗಿದ್ದವು. ಆದರೆ ಪೂರ್ತಿ ಎರಡು ಪುಟಗಳಲ್ಲಿ ಆ ನೀರು ಎಷ್ಟು ಬಿಸಿಯಾಗಿರುತ್ತದೆ ಎಂಬ ಒಂದೇ ಒಂದು ಅಂಕಿಯೂ ಇರಲಿಲ್ಲ. ಭೂವಿಜ್ಞಾನ ಪಾಠ ಮಾಡುತ್ತ ಹಲವು ವರ್ಷ ವಿದ್ಯಾರ್ಥಿಗಳನ್ನು ಇಂಥ ಜಾಗಗಳಿಗೆ ಕರೆದೊಯ್ದವನಾದ್ದರಿಂದ, ಆ ಲೇಖನ ಓದಿ ಹೊರಡುವವರಿಗೆ ತಿಳಿದಿರಲೇಬೇಕಾದ ಕೆಲವು ಸಂಗತಿಗಳನ್ನು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನೆಲದೊಳಗೆ ಬಹಳ ಆಳಕ್ಕೆ ಇಂಗಿದ ಮಳೆ ಅಥವಾ ಹಿಮದ ನೀರು ಅಲ್ಲಿಯ ಬಿಸಿಗೆ ಕಾದು, ಬಂಡೆಗಳ ಬಿರುಕಿನಲ್ಲಿ ಮೇಲೇರಿ ಬಂದಾಗ ಬಿಸಿನೀರಿನ ಬುಗ್ಗೆಯಾಗುತ್ತದೆ. ಆ ಬಿರುಕುಗಳು ಸದಾ ಒಂದೇ ರೀತಿ ಇರುವುದಿಲ್ಲ. ಸಣ್ಣ ಭೂಕಂಪವಾದರೆ ಸಾಕು, ನಿನ್ನೆ ಹಿತವಾಗಿದ್ದ ಹೊಂಡ ಇಂದು ಸುಡಬಹುದು. ಒಂದೇ ಹೊಂಡದಲ್ಲಿ ಅಂಚಿನ ನೀರು ಬೆಚ್ಚಗಿದ್ದು, ನೀರು ಉಕ್ಕುವ ಬಾಯಿಯ ಬಳಿ ಕೈಯಿಡಲು ಸಾಧ್ಯವಿಲ್ಲದಷ್ಟು ಬಿಸಿಯಿರುವುದು ತೀರ ಸಾಮಾನ್ಯ. ಆದ್ದರಿಂದ ಹಿಂದೆ ಯಾರೋ ಸ್ನಾನ ಮಾಡಿದ ಚಿತ್ರವನ್ನು ನಂಬಿ ಯಾರೂ ನೀರಿಗೆ ಇಳಿಯಬಾರದು. ಉದ್ದನೆಯ ಕೋಲಿಗೆ ಥರ್ಮಾಮೀಟರ್ ಕಟ್ಟಿ, ಕೂರಬೇಕೆಂದಿರುವ ಜಾಗದಲ್ಲೇ ಅಳೆದು ನೋಡುವುದು ಒಳ್ಳೆಯದು. 40 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರು ಆರೋಗ್ಯವಂತ ವಯಸ್ಕರಿಗೆ ಸ್ವಲ್ಪ ಹೊತ್ತಿಗೆ ಸರಿ. 50 ಡಿಗ್ರಿಯ ನೀರು ಕೆಲವೇ ನಿಮಿಷಗಳಲ್ಲಿ ಚರ್ಮವನ್ನು ಸುಡುತ್ತದೆ; 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಬಣ್ಣವನ್ನು ನೋಡಿಯೂ ಮೋಸಹೋಗಬಾರದು. ಇಥಿಯೋಪಿಯದ ದನಾಕಿಲ್ ಮರುಭೂಮಿಯಲ್ಲಿರುವ ಡಲ್ಲೋಲ್‌ನ ಹಸಿರು, ಹಳದಿ ಹೊಂಡಗಳು ಚಿತ್ರದಲ್ಲಿ ಎಷ್ಟೇ ಮೋಹಕವಾಗಿ ಕಂಡರೂ ಅವುಗಳಲ್ಲಿರುವುದು ಕುದಿಯುವಷ್ಟು ಬಿಸಿಯಾದ ತೀವ್ರ ಆಮ್ಲ.

ನೀರಿಗಿಂತ ಮೊದಲು ಎಚ್ಚರ ವಹಿಸಬೇಕಾದದ್ದು ನೆಲದ ಬಗ್ಗೆ. ಲಡಾಖ್‌ನ ಶೀತ ಮರುಭೂಮಿಯಲ್ಲಿ ಸುಮಾರು 4,400 ಮೀಟರ್ ಎತ್ತರದಲ್ಲಿರುವ ಪುಗಾ ಕಣಿವೆಯಲ್ಲಿ ನೆಲದ ಮೇಲೆ ಬಿಳಿಗಾರ ಮತ್ತು ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿರುತ್ತವೆ. ಅಲ್ಲಿಗೆ ಹೋಗಿದ್ದಾಗ ನಮ್ಮ ತಂಡದ ಒಬ್ಬ ವಿದ್ಯಾರ್ಥಿ ಛಾಯಾಚಿತ್ರ ತೆಗೆಯಲೆಂದು ಕಾಲುಹಾದಿ ಬಿಟ್ಟು ನಾಲ್ಕು ಹೆಜ್ಜೆ ಬದಿಗೆ ಹೋದ. ಹಪ್ಪಳ ಮುರಿದಂಥ ಸದ್ದಾಯಿತು. ಆ ಬಿಳಿ ಪದರ ಒಡೆದು ಅವನ ಬಲಗಾಲು ಕಣಕಾಲಿನವರೆಗೆ ಬಿಸಿ ಕೆಸರಿನೊಳಗೆ ಇಳಿಯಿತು. ಎರಡು ಸೆಕೆಂಡಿನಲ್ಲಿ ಕಾಲನ್ನು ಎಳೆದುಕೊಂಡನಾದರೂ ಶೂ ಒಳಗೆ ತುಂಬಿದ ಬಿಸಿ ಕೆಸರು ಸುಡುತ್ತಲೇ ಇತ್ತು, ಏಕೆಂದರೆ ಲೇಸ್ ಬಿಚ್ಚಲು ನಮ್ಮ ಕೈಗಳೇ ಬರುತ್ತಿರಲಿಲ್ಲ. ಉಣ್ಣೆಯ ಕಾಲುಚೀಲವನ್ನು ಅವಸರದಲ್ಲಿ ಎಳೆದಾಗ ಹಿಮ್ಮಡಿಯ ಮೇಲಿನ ಚರ್ಮವೂ ಅದರ ಜೊತೆಗೇ ಬಂತು. ಕಾಲುಚೀಲವನ್ನು ಎಳೆದವನು ನಾನು. ಅಂಟಿಕೊಂಡ ಬಟ್ಟೆಯನ್ನು ಎಳೆಯಬಾರದು, ಸುತ್ತ ಕತ್ತರಿಸಿ ಅಂಟಿದ ಭಾಗವನ್ನು ಹಾಗೆಯೇ ಬಿಡಬೇಕು ಎಂಬುದನ್ನು ಆಮೇಲೆ ವೈದ್ಯರಿಂದ ಕಲಿತೆ. ಪಕ್ಕದಲ್ಲಿಯೇ ತಣ್ಣೀರಿನ ತೊರೆ ಹರಿಯುತ್ತಿದ್ದುದರಿಂದ ಆ ನೀರನ್ನು ಇಪ್ಪತ್ತು ನಿಮಿಷ ಅವನ ಕಾಲಿನ ಮೇಲೆ ಸುರಿಯುತ್ತಿದ್ದೆವು. ಸುಟ್ಟಗಾಯಕ್ಕೆ ಮಾಡಬೇಕಾದ ಮೊದಲ ಉಪಚಾರವೂ ಅದೇ: ಮಂಜುಗಡ್ಡೆಯಾಗಲಿ ಟೂತ್‌ಪೇಸ್ಟ್ ಆಗಲಿ ಬೇಡ, ತಣ್ಣೀರು ಮಾತ್ರ. ತೊರೆಯಿಲ್ಲದ ಮರುಭೂಮಿಯಲ್ಲಿ ಆ ನೀರು ಎಲ್ಲಿಂದ ಬರಬೇಕು? ಕುಡಿಯುವ ಲೆಕ್ಕಕ್ಕಿಂತ ಒಂದು ಕ್ಯಾನ್ ನೀರನ್ನು ಹೆಚ್ಚಾಗಿ ಒಯ್ಯಬೇಕೆಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ.

ಮರುಭೂಮಿಯಲ್ಲಿ ಬಿಸಿನೀರಿನ ಸ್ನಾನ ಬೇರೆಡೆಗಿಂತ ಹೆಚ್ಚು ಅಪಾಯಕಾರಿಯಾಗಲು ಇನ್ನೊಂದು ಕಾರಣವಿದೆ. ಒಣಹವೆಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ, ಮೈಯಲ್ಲಿನ ನೀರು ಎಷ್ಟು ಕಡಿಮೆಯಾಗಿದೆಯೆಂದು ನಮಗೆ ಗೊತ್ತೇ ಆಗುವುದಿಲ್ಲ. ಆ ಸ್ಥಿತಿಯಲ್ಲಿ ಮೈಯ ಉಷ್ಣಕ್ಕಿಂತ ಬಿಸಿಯಾದ ನೀರಿನಲ್ಲಿ ಕುಳಿತರೆ ಬೆವರು ಆವಿಯಾಗಿ ಮೈ ತಂಪಾಗುವ ದಾರಿಯೂ ಮುಚ್ಚುತ್ತದೆ. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಥಟ್ಟನೆ ಎದ್ದು ನಿಂತವರಿಗೆ ಕಣ್ಣು ಕತ್ತಲೆಗಟ್ಟಿ ಬವಳಿ ಬರುತ್ತದೆ. ಬವಳಿ ಬಂದು ನೀರಿನೊಳಗೇ ಬಿದ್ದರೆ, ಮೊಣಕಾಲುದ್ದದ ನೀರಾದರೂ ಜೀವ ಹೋಗಬಹುದು. ಇಳಿಯುವ ಮುಂಚೆ ಚೆನ್ನಾಗಿ ನೀರು ಕುಡಿದು, ಹತ್ತು ನಿಮಿಷವಾದ ಮೇಲೆ ಹೊರಬಂದು, ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ನಂತರ ಏಳುವುದು ಕ್ಷೇಮ. ಮದ್ಯ ಕುಡಿದವರು ಖಂಡಿತ ಇಳಿಯಬಾರದು, ಒಬ್ಬರೇ ಇದ್ದಾಗಲೂ ಇಳಿಯಬಾರದು. ಗರ್ಭಿಣಿಯರು, ಪುಟ್ಟ ಮಕ್ಕಳು, ಹೃದ್ರೋಗಿಗಳು ಮತ್ತು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ದಡದಲ್ಲಿ ಕುಳಿತು ನೋಡುವುದೇ ಸರಿ. ಬುಗ್ಗೆಯ ನೀರನ್ನು ಕುದಿಸಿ ಕುಡಿಯಬಹುದೆಂದು ನಂಬಿದವರಿದ್ದಾರೆ. ಅದರಲ್ಲಿ ಆರ್ಸೆನಿಕ್, ಫ್ಲೋರೈಡ್ ಇದ್ದರೆ ಕುದಿಸುವುದರಿಂದ ಅವು ಹೋಗುವುದಿಲ್ಲ.

ಹಿತವಾಗಿ ಬೆಚ್ಚಗಿರುವ ನೀರಿನಲ್ಲಿಯೂ ತಲೆ ಮುಳುಗಿಸಬಾರದು. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬೆಚ್ಚನೆಯ ಸಿಹಿನೀರಿನಲ್ಲಿ, 46 ಡಿಗ್ರಿಯವರೆಗಿನ ಬಿಸಿಯಲ್ಲಿಯೂ ಬೆಳೆಯಬಲ್ಲದು. ನೀರು ಕುಡಿದರೆ ಅದರಿಂದ ಈ ಸೋಂಕು ಬರುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದರೆ ಅದು ಮಿದುಳನ್ನು ಸೇರುತ್ತದೆ. ಇಂಥ ಸೋಂಕು ಬಹಳ ಅಪರೂಪ ನಿಜ, ಆದರೆ ಅಮೆರಿಕದಲ್ಲಿ ದಾಖಲಾದ ರೋಗಿಗಳಲ್ಲಿ ನೂರಕ್ಕೆ ಸುಮಾರು 97 ಮಂದಿ ಬದುಕಲಿಲ್ಲ. ಪ್ರವಾಸದಿಂದ ಮರಳಿದ ಹನ್ನೆರಡು ದಿನಗಳೊಳಗೆ ಜ್ವರ, ವಿಪರೀತ ತಲೆನೋವು, ವಾಂತಿ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಬಿಸಿನೀರಿನ ಬುಗ್ಗೆಗೆ ಇಳಿದಿದ್ದ ವಿಷಯವನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಕೊಳೆತ ಮೊಟ್ಟೆಯ ವಾಸನೆ ಕಟುವಾಗಿರುವ ತಗ್ಗಿನಲ್ಲಿ ನಿಲ್ಲುವುದೂ ಬೇಡ. ಆ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದಿಂದ; ಅದು ಹೆಚ್ಚಾದಾಗ ಮೂಗು ವಾಸನೆ ಗ್ರಹಿಸುವುದನ್ನೇ ನಿಲ್ಲಿಸುವುದರಿಂದ, ವಾಸನೆ ಹೋಯಿತೆಂದು ನಿರಾಳವಾಗುವಂತಿಲ್ಲ.

ದಾರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಬಿಸಿ ಮರುಭೂಮಿಗೆ ಬೇಸಿಗೆಯಲ್ಲಿ ಹೋಗದಿರುವುದು, ತಲೆಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು, ಮರಳುವ ಸಮಯವನ್ನು ಒಬ್ಬರಿಗಾದರೂ ತಿಳಿಸಿ ಹೊರಡುವುದು, ವಾಹನ ಕೆಟ್ಟರೆ ಅದರ ನೆರಳು ಬಿಟ್ಟು ಕದಲದಿರುವುದು, ಒಣಗಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕದಿರುವುದು. ದೂರದ ಬೆಟ್ಟದಲ್ಲಿ ಸುರಿದ ಮಳೆ ಅಂಥ ಹಳ್ಳದಲ್ಲಿ ಏಕಾಏಕಿ ಪ್ರವಾಹವಾಗಿ ಬರುತ್ತದೆ.

ಬುಗ್ಗೆಯ ಕ್ಷೇಮವನ್ನೂ ನೋಡಬೇಕಲ್ಲವೆ? ಅಮೆರಿಕದ ನೆವಾಡದಲ್ಲಿರುವ ಡೆವಿಲ್ಸ್ ಹೋಲ್ ಎಂಬ ಬೆಚ್ಚನೆಯ ನೀರಿನ ಗುಂಡಿಯಲ್ಲಿ ಮಾತ್ರ ಸಹಜವಾಗಿ ಬದುಕುವ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಜಾತಿಯ ಮೀನು 2013ರ ಎಣಿಕೆಯಲ್ಲಿ ಕೇವಲ 35 ಉಳಿದಿತ್ತು. 2016ರಲ್ಲಿ ಬೇಲಿ ದಾಟಿ ನುಗ್ಗಿದ ಮೂವರಲ್ಲಿ ಒಬ್ಬ ಆ ನೀರಿಗಿಳಿದ. ಅದಾದ ಮೇಲೆ ಅಲ್ಲೊಂದು ಮೀನು ಸತ್ತಿರುವುದು ಕಂಡುಬಂತು, ಅವನು ಜೈಲು ಸೇರಿದ. ಸೋಪು, ಎಣ್ಣೆ, ಸನ್‌ಸ್ಕ್ರೀನ್ ಹಚ್ಚಿಕೊಂಡು ಇಷ್ಟು ಚಿಕ್ಕ ಜಲಲೋಕಕ್ಕೆ ಇಳಿಯುವುದು ಅನ್ಯಾಯ.

ಇನ್ನು ಮುಂದೆ ಇಂಥ ಲೇಖನ ಪ್ರಕಟಿಸುವಾಗ ಬುಗ್ಗೆಯ ನೀರಿನ ಅಳೆದ ಉಷ್ಣತೆ, ಅಳೆದ ದಿನಾಂಕ, ಸ್ನಾನಕ್ಕೆ ಅನುಮತಿ ಇದೆಯೇ ಇಲ್ಲವೇ ಎಂಬುದು ಮತ್ತು ಅತಿ ಸಮೀಪದ ಆಸ್ಪತ್ರೆಗಿರುವ ದೂರವನ್ನು ಚಿತ್ರದ ಕೆಳಗೇ ಅಚ್ಚುಹಾಕಬೇಕೆಂದು ಕೋರುತ್ತೇನೆ. ಹೆಚ್ಚೆಂದರೆ ನಾಲ್ಕು ಸಾಲಾದೀತು. ಪುಗಾದಿಂದ ಆ ಹುಡುಗನನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೊರಟಾಗ, ಆಸ್ಪತ್ರೆ ಎಷ್ಟು ದೂರವೆಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಅಧ್ಯಾಪಕ