ಟೆಂಡರಿನಲ್ಲಿ ಟೆರಾಬೈಟ್ (ಟಿಬಿ) ಲೆಕ್ಕ ಸಾಲದು: ಐಟಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸರ್ಕಾರಿ ಕಚೇರಿಗೆ ಸರ್ವರ್ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಸರ್ವರುಗಳ ಗುಂಪು) ಕೊಳ್ಳುವಾಗ ಟೆಂಡರಿನಲ್ಲಿ ‘ಸ್ಟೋರೇಜ್ 100 ಟಿಬಿ’ ಎಂದು ಬರೆದರೆ ಸಾಮಾನು ಬರುತ್ತದೆ, ಬಿಲ್ಲೂ ಪಾಸಾಗುತ್ತದೆ. ಆದರೆ ಆ ಜಾಗವನ್ನು ಯಾವ ಸರ್ವರ್ ಯಾವ ದಾರಿಯಲ್ಲಿ ಮುಟ್ಟಬೇಕು, ಒಂದು ದಾರಿ ಕಡಿದರೆ ಏನಾಗಬೇಕು ಎಂದು ಬರೆಯದಿದ್ದರೆ ಅದು ಹೆಸರಿಗಷ್ಟೇ ಕ್ಲಸ್ಟರ್. ಈ ಎರಡು ಅಂಶಗಳು ಮಾದರಿ ಟೆಂಡರ್ ದಾಖಲೆಯಲ್ಲಿ ಬರಬೇಕೆಂಬುದು ನಮ್ಮ ಕೋರಿಕೆ.

ನಾಲ್ಕು ಸರ್ವರ್, ಒಂದು ಐಸ್ಕಸಿ (iSCSI, ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ) ಸ್ಟೋರೇಜ್ ಇದೆ ಎಂದಿಟ್ಟುಕೊಳ್ಳಿ. ಪ್ರತಿ ಸರ್ವರಿನಲ್ಲಿ ಸ್ಟೋರೇಜಿಗೆಂದೇ ಎರಡು ಪೋರ್ಟ್, ನಡುವೆ ಎರಡು ಸ್ವಿಚ್, ಸ್ಟೋರೇಜನ್ನು ನಡೆಸುವ ಎರಡು ಕಂಟ್ರೋಲರ್; ಪ್ರತಿ ಕಂಟ್ರೋಲರ್‌ನಿಂದ ಎರಡೂ ಸ್ವಿಚ್ಚಿಗೆ ಒಂದೊಂದು ಕೇಬಲ್. ಆಗ ಪ್ರತಿ ಲನ್‌ಗೆ (LUN, ಸ್ಟೋರೇಜ್ ಸರ್ವರಿಗೆ ಡಿಸ್ಕಿನಂತೆ ತೋರಿಸುವ ಭಾಗ) ಸರ್ವರಿನಿಂದ ನಾಲ್ಕು ಪಾತ್ (ದಾರಿ) ಕಾಣಬೇಕು. ಎರಡೇ ಕಂಡರೂ ಕೆಲಸ ನಡೆಯುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆ ಎರಡೂ ಒಂದೇ ಸ್ವಿಚ್ ಮೂಲಕ ಹೋಗುತ್ತಿದ್ದರೆ, ಫರ್ಮ್‌ವೇರ್ (ಸ್ವಿಚ್ಚಿನ ಒಳ ತಂತ್ರಾಂಶ) ಹಾಕಲು ಅದನ್ನು ಆರಿಸಿದ ದಿನ ಗೊತ್ತಾಗುತ್ತದೆ.

ನಾಲ್ಕೂ ಸರ್ವರಿಗೆ ಅದೇ ಲನ್ ಕಾಣಬೇಕು. ಮೂರಕ್ಕೆ ಮಾತ್ರ ಕೊಟ್ಟಿದ್ದರೆ ವರ್ಚುವಲ್ ಯಂತ್ರಗಳು (ಸರ್ವರಿನೊಳಗೆ ತಂತ್ರಾಂಶದಿಂದ ನಡೆಯುವ ಕಂಪ್ಯೂಟರುಗಳು) ನಾಲ್ಕನೆಯದಕ್ಕೆ ಹೋಗುವುದೇ ಇಲ್ಲ. ಕ್ಲಸ್ಟರಿನ ಹೊರಗಿನ ಯಂತ್ರಕ್ಕೆ ಕಂಡರೆ ಇನ್ನೂ ಅಪಾಯ. ವಿಎಂವೇರ್‌ನ ಫೈಲ್ ಸಿಸ್ಟಂ ವಿಎಂಎಫ್‌ಎಸ್, ಇಬ್ಬರು ಒಂದೇ ಜಾಗದಲ್ಲಿ ಬರೆಯದಂತೆ, ಹಲವು ಸರ್ವರುಗಳ ನಡುವೆ ಬೀಗ ಹಂಚಿಕೊಳ್ಳುತ್ತದೆ. ವಿಂಡೋಸಿನಲ್ಲಿ 2008 ಆರ್2ರಿಂದ ಆ ಕೆಲಸಕ್ಕೆ ಕ್ಲಸ್ಟರ್ ಶೇರ್ಡ್ ವಾಲ್ಯೂಮ್ ಇದೆ. ವಿಂಡೋಸಿನ ಮಾಮೂಲಿ ಎನ್‌ಟಿಎಫ್‌ಎಸ್, ಲಿನಕ್ಸಿನ ಎಕ್ಸ್ಟ್4 (ext4) ಫೈಲ್ ಸಿಸ್ಟಂಗಳಿಗೆ ಆ ಪರಿವೆ ಇಲ್ಲ. ಸಂಬಂಧವಿಲ್ಲದ ವಿಂಡೋಸ್ ಸರ್ವರೊಂದಕ್ಕೆ ಲನ್ ಕಂಡು, ಡಿಸ್ಕ್ ಮ್ಯಾನೇಜ್‌ಮೆಂಟ್ ಕೇಳಿದಾಗ ಯಾರೋ ‘ಇನಿಷಿಯಲೈಸ್’ ಒತ್ತಿದರೆ ಪಾರ್ಟಿಷನ್ ಟೇಬಲ್ (ಡಿಸ್ಕಿನ ವಿಭಾಗಗಳ ಪಟ್ಟಿ) ಹೋದಂತೆಯೇ. ಬ್ಯಾಕಪ್ ಸರ್ವರ್ ನೇರವಾಗಿ ಓದಬೇಕಿದ್ದರೆ ರೀಡ್-ಓನ್ಲಿ ಆಗಿ ಮಾತ್ರ ಕೊಡಿಸಿ. ವರ್ಚುವಲ್ ಯಂತ್ರ ನಡೆಸುವ ಪ್ರಾಕ್ಸ್‌ಮಾಕ್ಸ್ (Proxmox) ಇರುವ ಕಡೆ ಹಂಚಿಕೆಯ ಲನ್ ಮೇಲೆ ಎಲ್‌ವಿಎಂ-ಥಿನ್ (ಲಿನಕ್ಸಿನಲ್ಲಿ ಡಿಸ್ಕ್ ಜಾಗವನ್ನು ಬೇಕಾದಾಗಷ್ಟೇ ಕೊಡುವ ವಿಧಾನ) ನಡೆಯದು, ಸಾದಾ ಎಲ್‌ವಿಎಂ ಬೇಕು.

ಪತ್ತೆಗೆ ಸತಾಯಿಸುವ ದೋಷವೆಂದರೆ ಎಂಟಿಯು (ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದೆಂಬ ಮಿತಿ). ಎಲ್ಲ ಕಡೆ 9000 ಇಟ್ಟು ಒಂದು ಸ್ವಿಚ್ ಪೋರ್ಟಿನಲ್ಲಿ ಮಾತ್ರ 1500 ಉಳಿದಿರುತ್ತದೆ. ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಣ್ಣ ಸಂದೇಶ) ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಬರೆಯಹೊರಟಾಗ ಎಲ್ಲ ಸ್ಥಗಿತ. ಪ್ಯಾಕೆಟ್ ತುಂಡಾಗದಂತೆ ನಿರ್ಬಂಧಿಸಿ 8972 ಬೈಟ್‌ಗಳ ಪಿಂಗ್ ಕಳಿಸಿದರೆ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಉಳಿದ 28 ಬೈಟ್ ಹೆಡರಿಗೆ.

ಇನ್ನು ಒಪ್ಪಿಗೆ ಪರೀಕ್ಷೆ. ಕೊನೆಯ ಕಂತು ಕೊಡುವ ಮೊದಲು, ವರ್ಚುವಲ್ ಯಂತ್ರಗಳು ಡೇಟಾ ಬರೆಯುತ್ತಿರುವಾಗಲೇ ಒಂದು ಕೇಬಲ್ ಕೀಳಿಸಿ, ಆಮೇಲೆ ಒಂದು ಸ್ವಿಚ್ ಆರಿಸಿ, ಕೊನೆಗೆ ಒಂದು ಕಂಟ್ರೋಲರ್ ರೀಬೂಟ್ ಮಾಡಿಸಿ. ಸ್ವಿಚ್ ಆರಿದಾಗ ಪಾತ್ ನಾಲ್ಕರಿಂದ ಎರಡಕ್ಕಿಳಿದು, ಮತ್ತೆ ಹಾಕಿದಾಗ ನಾಲ್ಕಕ್ಕೆ ಬರಬೇಕು. ವಾಪಸ್ ಬಂತೇ ಎಂದು ನೋಡುವವರು ಕಡಿಮೆ. ಕಂಟ್ರೋಲರ್ ಬದಲಾಗುವ ಹೊತ್ತಿನಲ್ಲಿ ವರ್ಚುವಲ್ ಯಂತ್ರದೊಳಗಿನ ಲಿನಕ್ಸ್ ಡಿಸ್ಕಿನ ಉತ್ತರಕ್ಕೆ ಕಾಯುವ ಅವಧಿ ಮಾಮೂಲಿ 30 ಸೆಕೆಂಡ್ ಇದ್ದರೆ ಸಾಲದೆ ಹೋಗಬಹುದು, ಫೈಲ್ ಸಿಸ್ಟಂ ರೀಡ್-ಓನ್ಲಿ ಆಗುತ್ತದೆ. ಯಂತ್ರ ಆನ್ ಇರುತ್ತದೆ, ಪಿಂಗ್‌ಗೂ ಉತ್ತರಿಸುತ್ತದೆ, ಅರ್ಜಿ ಮಾತ್ರ ಸೇವ್ ಆಗುವುದಿಲ್ಲ. ಆ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ ಪರೀಕ್ಷಿಸಿ.

ಲನ್ ತೆಗೆಯುವಾಗಲೂ ಕ್ರಮವಿದೆ: ಅನ್‌ಮೌಂಟ್, ನಂತರ ಎಲ್ಲ ಸರ್ವರುಗಳಿಂದ ಡಿಟ್ಯಾಚ್, ಆಮೇಲಷ್ಟೇ ಸ್ಟೋರೇಜ್ ಕಡೆಯಿಂದ ತೆಗೆಯುವುದು. ಇದೂ ಹಸ್ತಾಂತರ ದಾಖಲೆಯಲ್ಲಿರಲಿ, ಲನ್–ಸರ್ವರ್ ನಕ್ಷೆಯ ಜೊತೆಗೆ.

ಇದರಲ್ಲಿ ಯಾವ ಷರತ್ತಿಗೂ ಕಂಪನಿಯ ಹೆಸರು ಬೇಕಿಲ್ಲ. ಪರೀಕ್ಷೆಗೆ ತಗಲುವುದು ಹೆಚ್ಚೆಂದರೆ ಒಂದು ದಿನ. ಅಲ್ಲಿ ಸೋತರೆ ಸರಿಪಡಿಸುವ ಖರ್ಚು ಗುತ್ತಿಗೆದಾರರದ್ದೆಂದು ಟೆಂಡರಿನಲ್ಲೇ ಬರೆಸಿ.

ಇತಿ,
ಸರ್ವರ್ ಮತ್ತು ಸ್ಟೋರೇಜ್ ನಿರ್ವಹಣೆಯ ಕೆಲಸದಲ್ಲಿರುವ ಕೆಲವರು